ಓದುಗರ ಪ್ರಶ್ನೆ: ಗೋಡೆಯ ಮೇಲಿನ ಪೋಸ್ಟರಿಗೆ ಹೊಣೆ ಯಾರು?

ಪ್ರಶ್ನೆ: ರಸ್ತೆಗೆ ತಾಗಿಕೊಂಡಿರುವ ನಮ್ಮ ಕಾಂಪೌಂಡು ಗೋಡೆಗೆ ಮಳೆಗಾಲ ಮುಗಿದ ಮೇಲೆ ಬಣ್ಣ ಹೊಡೆಸಿದರೆ, ತಿಂಗಳೊಳಗೆ ಟ್ಯೂಷನ್ ಕ್ಲಾಸು, ರಿಯಾಯಿತಿ ಮಾರಾಟಗಳ ಪೋಸ್ಟರುಗಳು ಅದನ್ನು ಮುಚ್ಚಿಬಿಡುತ್ತವೆ. ಗೋಡೆ ಖಾಸಗಿಯಾದುದರಿಂದ ನಗರಸಭೆ ಏನೂ ಮಾಡಲಾರದು ಎನ್ನುತ್ತಾರೆ ನೆರೆಯವರು. ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಜವಲ್ಲ. ಬಹಿರಂಗ ಸ್ಥಳಗಳು ವಿರೂಪಗೊಳ್ಳುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೊಂದಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳವೆಂದರೆ ಖಾಸಗಿ ಕಟ್ಟಡ, ಗೋಡೆ, ಬೇಲಿ, ಕಂಬ, ಮರ, ಸ್ಮಾರಕ ಎಲ್ಲವೂ ಎಂದು ಅದು ವಿವರಿಸುತ್ತದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಅಲ್ಲಿ ಜಾಹೀರಾತು ಅಂಟಿಸಿದವರಿಗೆ ಅಥವಾ ಬರೆದವರಿಗೆ ಆರು ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಇನ್ನೊಬ್ಬರ ಕೈಯಿಂದ ಅಂಟಿಸಿದವರೂ ಇದಕ್ಕೆ ಒಳಪಡುತ್ತಾರೆ ಎಂಬುದೇ ಇಲ್ಲಿ ಮುಖ್ಯ. ಏಕೆಂದರೆ ರಾತ್ರಿ ಮೈದಾ ಅಂಟಿನ ಬಕೆಟ್ಟು ಹಿಡಿದು ಬರುವ ಕೂಲಿಯವನನ್ನು ಹಿಡಿಯುವುದು ಕಷ್ಟ, ಹಿಡಿದರೂ ಪ್ರಯೋಜನ ಕಡಿಮೆ. ಅವನಿಗೆ ಹಣ ಕೊಟ್ಟವರ ಹೆಸರು ಮತ್ತು ಮೊಬೈಲ್ ಸಂಖ್ಯೆಯಾದರೋ ಪೋಸ್ಟರಿನ ಮೇಲೆ ದಪ್ಪ ಅಕ್ಷರಗಳಲ್ಲೇ ಇರುತ್ತವೆ. ಬ್ರಿಟನ್ನಿನ 1990ರ ನಗರ ಯೋಜನಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದ್ದು, ಪೋಸ್ಟರಿನಿಂದ ಯಾರ ವ್ಯಾಪಾರಕ್ಕೆ ಪ್ರಚಾರ ಸಿಗುತ್ತದೆಯೋ ಅವರೇ ಅದನ್ನು ಪ್ರದರ್ಶಿಸಿದರೆಂದು ಪರಿಗಣಿಸುತ್ತದೆ. ತಮಗೆ ತಿಳಿಯದೆ ಆಯಿತೆಂದು ತೋರಿಸಿಕೊಡುವ ಹೊರೆ ಅವರ ಮೇಲಿರುತ್ತದೆ.

ಆದ್ದರಿಂದ ಸಿಟ್ಟಿನಲ್ಲಿ ಪೋಸ್ಟರನ್ನು ಹರಿದೆಸೆಯುವ ಮುನ್ನ, ಹೆಸರು, ಸಂಖ್ಯೆ, ಮುದ್ರಣಾಲಯದ ವಿವರಗಳು ಕಾಣುವಂತೆಯೂ ನಿಮ್ಮ ಗೋಡೆಯೆಂದು ಗುರುತಾಗುವಂತೆಯೂ ಛಾಯಾಚಿತ್ರ ತೆಗೆದು, ಪೌರಾಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1981ರಲ್ಲಿ ಭಾರವೆನಿಸಿದ್ದ ಸಾವಿರ ರೂಪಾಯಿ ಇಂದು ಒಂದು ಕಟ್ಟು ಪೋಸ್ಟರಿನ ಅಚ್ಚಿನ ಖರ್ಚಿಗೂ ಸಾಲದೆಂಬುದು ಬೇರೆ ಮಾತು. ಆದರೂ ಅಂಗಡಿಯ ಹೆಸರಿಗೇ ನೋಟಿಸು ಹೋದರೆ ವ್ಯಾಪಾರಸ್ಥರು ಅದನ್ನು ಹಗುರವಾಗಿ ತಳ್ಳಿಹಾಕಲಾರರು.

ಪ್ರಶ್ನೆ: ವರ್ಷವಿಡೀ ಉಳಿಯುವ ಗೋಡೆಬರಹಗಳು ಚುನಾವಣೆ ಘೋಷಣೆಯಾದೊಡನೆ ಮಾಯವಾಗುವುದು ಹೇಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಗಡುವು ಇರುವುದರಿಂದ. ಚುನಾವಣಾ ಆಯೋಗದ ಸೂಚನೆಯಂತೆ ರಾಜಕೀಯ ಬರಹ, ಪೋಸ್ಟರು, ಬ್ಯಾನರುಗಳನ್ನು ಸರ್ಕಾರಿ ಆಸ್ತಿಗಳಿಂದ 24 ಗಂಟೆಯೊಳಗೆ, ಸಾರ್ವಜನಿಕ ಸ್ಥಳಗಳಿಂದ 48 ಗಂಟೆಯೊಳಗೆ, ಅನಧಿಕೃತವಾಗಿದ್ದರೆ ಖಾಸಗಿ ಆಸ್ತಿಗಳಿಂದಲೂ 72 ಗಂಟೆಯೊಳಗೆ ತೆಗೆಯಬೇಕು. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸಗಳಿಲ್ಲದ ಚುನಾವಣಾ ಪೋಸ್ಟರನ್ನು ಅಚ್ಚು ಹಾಕುವುದೇ 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಅಪರಾಧ. ಏಣಿಯೂ ಅದೇ, ಪೌರಕಾರ್ಮಿಕರೂ ಅವರೇ. ಉಳಿದ ದಿನಗಳಲ್ಲಿ ಲೆಕ್ಕ ಕೇಳುವವರು ಇಲ್ಲ, ಅಷ್ಟೇ.

ಪ್ರಶ್ನೆ: ಶುಲ್ಕ ಕಟ್ಟಿ ಫ್ಲೆಕ್ಸ್ ಹಾಕಬಹುದೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಇಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಬಟ್ಟೆಯ ಬ್ಯಾನರಿಗೆ ಅನುಮತಿ ಕೇಳಿ.

ಪ್ರಶ್ನೆ: ಮಡಿಕೇರಿ ಕೋಟೆಯ ಗೋಡೆಯಲ್ಲಿ ಪ್ರವಾಸಿಗರು ಹೆಸರು ಗೀಚಿದ್ದನ್ನು ಕಂಡೆ. ನಮ್ಮ ಯುವಕ ಸಂಘದವರು ಸೇರಿ ಉಜ್ಜಿ ತೆಗೆಯಬಹುದೇ?
– ಓದುಗರೊಬ್ಬರು, ಮಾದಾಪುರ

ಉತ್ತರ: ದಯವಿಟ್ಟು ಬೇಡ. ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಬಳಿಕ ಇಂತಹ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಒಳ್ಳೆಯ ಉದ್ದೇಶದಿಂದ ತಂತಿ ಬ್ರಷ್ಷು ಹಿಡಿದವರಿಂದಲೂ ಕಲ್ಲಿಗೆ ಹಾನಿಯಾಗುತ್ತದೆ. ಬಣ್ಣ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದಿರುವುದರಿಂದ ಉಜ್ಜಿದಷ್ಟೂ ಮೇಲ್ಪದರ ಸವೆದು ಒರಟಾಗುತ್ತದೆ, ನಮ್ಮ ಮಳೆಗೆ ಅಲ್ಲಿಯೇ ನೀರು ನಿಂತು ಪಾಚಿ ಕಟ್ಟುತ್ತದೆ. ಗೀಚಿದ ಜಾಗದ ಛಾಯಾಚಿತ್ರದೊಡನೆ ಇಲಾಖೆಗೆ ಬರೆಯಿರಿ. ಸಂಘದ ಹುಡುಗರಿಗೆ ಕೆಲಸ ಬೇಕಿದ್ದರೆ, ರಜಾದಿನಗಳಲ್ಲಿ ಕೋಟೆಯೊಳಗಿನ ಗಾರೆ ಆನೆಗಳ ಬಳಿ ನಿಂತು, ಮೊಳೆ ಹಿಡಿದ ಕೈಗಳನ್ನು ಮೊದಲೇ ತಡೆಯಲಿ.