ಕುರುಡು ನುಸಿಗೆ ಹದ್ದಿನ ಕಣ್ಣು

ಪ್ರಿಯರೇ,

ಬೆಳೆಗೆ ಕಾಟ ಕೊಡುವ ಜೇಡನುಸಿಯನ್ನು ಬೇಟೆಯಾಡಿ ತಿನ್ನುವ ಪರಭಕ್ಷಕ ನುಸಿಯ ಕುರಿತು ನೀವು ಕಳಿಸಿದ ‘ತೋಟದ ಕಾವಲುಗಾರ’ ಲೇಖನ ಶಿರಸಿಯ ನಮ್ಮ ಕಚೇರಿಗೆ ತಲುಪಿತು. ವಿಷಯ ಹೊಸದು, ಭಾಷೆ ಸರಾಗ. ಹೊಗಳಿಕೆ ಇಷ್ಟು ಸಾಕು. ಎರಡನೆಯ ಪುಟ ನನ್ನ ನಿದ್ದೆ ಕೆಡಿಸಿದೆ.

‘ಹದ್ದಿನ ಕಣ್ಣಿನ ಈ ಬೇಟೆಗಾರ ದೂರದಿಂದಲೇ ಶತ್ರುವನ್ನು ಗುರುತಿಸುತ್ತಾನೆ’ ಎಂದು ಬರೆದಿದ್ದೀರಿ. ನೀವು ಹೆಸರಿಸಿದ ಫೈಟೋಸಿಯುಲಸ್ ಪರ್ಸಿಮಿಲಿಸ್‌ಗೆ ಕಣ್ಣೇ ಇಲ್ಲ. ಜೇಡನುಸಿ ಚುಚ್ಚಿ ರಸ ಹೀರಿದ ಎಲೆ ಒಂದು ಬಗೆಯ ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು, ಮುಂಗಾಲುಗಳನ್ನು ಚಾಚಿ ತಡಕಾಡುತ್ತ ಇದು ಬರುತ್ತದೆ. ಕಣ್ಣಿರುವುದು ತಿನ್ನಿಸಿಕೊಳ್ಳುವ ಜೇಡನುಸಿಗೆ! ಅರ್ಧ ಮಿಲಿಮೀಟರಿನ ಕುರುಡು ಜೀವಿ ವಾಸನೆಯ ಬೆನ್ನು ಹತ್ತಿ ಬೇಟೆಯಾಡುವ ಸೋಜಿಗ ಕೈಯಲ್ಲೇ ಇರುವಾಗ ಹದ್ದನ್ನೇಕೆ ಕರೆತಂದಿರಿ?

ಮರುಸಾಲು: ‘ಮೊಟ್ಟೆಯೊಡೆದ ಕ್ಷಣವೇ ಎಂಟು ಕಾಲಿನ ಮರಿ ರಣರಂಗಕ್ಕೆ ಧುಮುಕುತ್ತದೆ.’ ಮರಿಗೆ ಆರೇ ಕಾಲು. ರಣರಂಗವಿರಲಿ, ಅದು ಏನನ್ನೂ ತಿನ್ನುವುದಿಲ್ಲ. ಒಮ್ಮೆ ಪೊರೆ ಕಳಚಿ ಎಂಟು ಕಾಲು ಬಂದ ಮೇಲೆಯೇ ಊಟ. ಇನ್ನೆರಡು ಸಲ ಪೊರೆ ಬಿಟ್ಟರೆ ಪ್ರೌಢ ನುಸಿ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇದಕ್ಕೆಲ್ಲ ಒಂದು ವಾರವೂ ಹಿಡಿಯುವುದಿಲ್ಲ.

ಅದರ ಕೆಳಗೇ ‘ಗಂಡಿನ ಹಂಗಿಲ್ಲದೆ ಸಂತಾನ ಬೆಳೆಸುವ ಮಹಾತಾಯಿ’. ಇದೂ ಜೇಡನುಸಿಯ ಗುಣವೇ. ಗಂಡಿನೊಡನೆ ಕೂಡದ ಅದರ ಹೆಣ್ಣು ಮೊಟ್ಟೆಯಿಡುತ್ತದೆ, ಅವುಗಳಿಂದ ಗಂಡುಗಳಷ್ಟೇ ಹುಟ್ಟುತ್ತವೆ. ಪರ್ಸಿಮಿಲಿಸ್ ಹೆಣ್ಣು ಕೂಡದೆ ಮೊಟ್ಟೆಯಿಡದು. ಯಕ್ಷಗಾನದ ಚೌಕಿಯಲ್ಲಿ ವೇಷ ಅದಲುಬದಲಾದ ಹಾಗೆ ಬೇಟೆಯ ಕಿರೀಟವನ್ನು ಬೇಟೆಗಾರನಿಗೆ ಕಟ್ಟಿದ್ದೀರಿ.

ನಾನೂ ಕಟ್ಟಿದವನೇ. ಇಪ್ಪತ್ತೆರಡರ ಹರೆಯದಲ್ಲಿ ಕಾರವಾರದ ವಾರಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಸಾಣಿಕಟ್ಟೆಯ ಉಪ್ಪಿನ ಆಗರಗಳ ಬಗ್ಗೆ ಬರೆಯುತ್ತ ‘ಹಿಮದ ರಾಶಿಯಂತೆ ಬೆಳ್ಳಗೆ ಹೊಳೆಯುವ ಉಪ್ಪು’ ಎಂದಿದ್ದೆ. ಸಂಪಾದಕರು ಮಾತಾಡಲಿಲ್ಲ. ಮಧ್ಯಾಹ್ನ ಮನೆಗೆ ಹೋದವರು ಪೊಟ್ಟಣವೊಂದನ್ನು ತಂದು ನನ್ನ ಹಾಳೆಯ ಮೇಲೆ ಸುರುವಿದರು. ನಸುಗಂದು ಬಣ್ಣದ ಹರಳು, ನಡುವೆ ಮಣ್ಣಿನ ಎಳೆ. “ಹಿಮವನ್ನು ನೀನು ಎಲ್ಲಿ ನೋಡಿದ್ದೆ?” ಎಂದಷ್ಟೇ ಕೇಳಿದರು. ಆ ಹಾಳೆಯ ಮೇಲೆ ಉಪ್ಪು ನೀರೊಡೆದ ಕಲೆ ಬಹಳ ಕಾಲ ಉಳಿದಿತ್ತು. (ಲೇಖನ ಅಚ್ಚಾಗಲಿಲ್ಲ.)

ನಿಮ್ಮ ಬರಹದಲ್ಲಿ ಕಣ್ಣಿಂದ ಕಂಡು ಬರೆದದ್ದು ಒಂದೇ ಕಡೆ ಇದೆ: ‘ಬಿಸಿಲಿಗೆ ಬಾಡಿತೆಂದು ಅಮ್ಮ ಅಡಿಕೆ ಸಸಿಗೆ ನೀರು ಹೊಯ್ಯುತ್ತಿದ್ದಳು. ಎಲೆ ಮಗುಚಿದರೆ ಕೆಂಪು ಪುಡಿ, ಆ ಪುಡಿ ನಡೆಯುತ್ತಿತ್ತು.’ ಇದನ್ನು ಬರೆದವರೇ ಆ ಮಹಾತಾಯಿಯನ್ನೂ ಬರೆದರೆಂದರೆ ನಂಬಲಾರೆ. ಆ ಪುಡಿ ಬಹುಶಃ ರಾವಿಯೆಲ್ಲಾ ಇಂಡಿಕಾ ಎಂಬ ಕೆಂಪು ನುಸಿ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಗರಿಯಿಂದ ಲೋಕಕ್ಕೆ ಪರಿಚಯವಾದದ್ದು. ಪರ್ಸಿಮಿಲಿಸ್‌ಗೆ ಜೇಡನುಸಿಯೇ ಬೇಕು, ಇದರ ಮೇಲೆ ಅದು ಬಾಳುವುದಿಲ್ಲ. ಇದನ್ನು ತಿನ್ನುವ ನುಸಿಗಳಲ್ಲೊಂದಕ್ಕೆ ಕನ್ನಡದ ಹೆಸರೇ ಇದೆ: ಆಂಬ್ಲಿಸಿಯಸ್ ಚನ್ನಬಸವಣ್ಣೈ.

ಹತ್ತು ಪಟ್ಟು ತೋರಿಸುವ ಭೂತಗನ್ನಡಿಯೊಂದನ್ನು ತೆಗೆದುಕೊಂಡು ಅಮ್ಮನ ಸಸಿಮಡಿಗೆ ಹೋಗಿ. ಕೆಂಪು ಚುಕ್ಕೆಗಳ ನಡುವೆ ಅವುಗಳಿಗಿಂತ ಚುರುಕಾಗಿ ಓಡುವುದೇನಾದರೂ ಇದೆಯೇ ನೋಡಿ, ಕಂಡಷ್ಟನ್ನು ಬರೆದು ಕಳಿಸಿ. ಮಳೆ ಹಿಡಿಯುವ ಮೊದಲೇ ಹೋಗಿ, ಆಮೇಲೆ ನುಸಿ ಹುಡುಕಿದರೂ ಸಿಗಲಿಕ್ಕಿಲ್ಲ.

ಇತಿ,
ಸಂಪಾದಕ