ಪಲೆರ್ಮೊ ಮತ್ತು ಆ ಮೂರು ಪೆನಾಲ್ಟಿ

ಒಂದೇ ಪಂದ್ಯದಲ್ಲಿ ಮೂರು ಪೆನಾಲ್ಟಿ ಕೈಚೆಲ್ಲಿದ್ದು ಅರ್ಜೆಂಟೀನಾದ ಫುಟ್ಬಾಲ್ ಆಟಗಾರ ಮಾರ್ಟಿನ್ ಪಲೆರ್ಮೊ ಅನ್ನೋದು ನಿಜವೇ, ಕೋಚ್ ಆಗಿ ಏನಾದರೂ ಗೆದ್ದರಾ ಅಂತ ಕೇಳಿದ್ದೀರಿ. ಹೌದು, ಪೆನಾಲ್ಟಿ ಕಥೆ ನಿಜ. 1999ರ ಕೋಪಾ ಅಮೆರಿಕಾದಲ್ಲಿ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಲ್ಲಿ, ಕೊಲಂಬಿಯಾ ವಿರುದ್ಧ. ಮೊದಲನೆಯದು ಅಡ್ಡಪಟ್ಟಿಗೆ ಬಡಿಯಿತು, ಎರಡನೆಯದು ಮೇಲೆ ಹಾರಿಹೋಯಿತು, ಮೂರನೆಯದನ್ನು ಗೋಲ್‌ಕೀಪರ್ ತಡೆದ. ಅರ್ಜೆಂಟೀನಾ 0-3ರಿಂದ ಸೋತಿತು. ಎರಡು ಹಾಳಾದ ಮೇಲೂ ಮೂರನೆಯದಕ್ಕೆ ಚೆಂಡು ಎತ್ತಿಕೊಂಡರಲ್ಲ, ಆ ಭಂಡಧೈರ್ಯವೇ ನನಗಿಷ್ಟ!

ಆದರೆ ಅದೊಂದರಿಂದಲೇ ಅವರನ್ನು ಅಳೆಯಬೇಡಿ. ಮರುವರ್ಷವೇ ಟೋಕಿಯೊದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಮೊದಲ ಆರು ನಿಮಿಷದೊಳಗೆ ಎರಡು ಗೋಲು ಹೊಡೆದು ತಮ್ಮ ಅರ್ಜೆಂಟೀನಾ ಕ್ಲಬ್ ಬೋಕಾ ಜೂನಿಯರ್ಸ್‌ಗೆ ಇಂಟರ್‌ಕಾಂಟಿನೆಂಟಲ್ ಕಪ್ (ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಪಂದ್ಯ) ತಂದುಕೊಟ್ಟರು. ಬೋಕಾ ಪರ ಒಟ್ಟು 236 ಗೋಲು, ಕ್ಲಬ್ಬಿನ ದಾಖಲೆ. ಸ್ಪೇನ್‌ನ ವಿಯ್ಯಾರಿಯಲ್‌ನಲ್ಲಿದ್ದಾಗ ಮಾತ್ರ ಗ್ರಹಚಾರ ನೆಟ್ಟಗಿರಲಿಲ್ಲ: 2001ರಲ್ಲಿ ಗೋಲು ಹೊಡೆದು ಅಭಿಮಾನಿಗಳ ಜೊತೆ ಸಂಭ್ರಮಿಸುವಾಗ ಗೋಡೆ ಕುಸಿದು ಕಾಲು ಮುರಿಯಿತು.

ರಾಷ್ಟ್ರೀಯ ತಂಡದ ಬಾಗಿಲು ಹತ್ತು ವರ್ಷ ಮುಚ್ಚಿತ್ತು. ತೆರೆದವರು ಆಗ ಕೋಚ್ ಆಗಿದ್ದ ಮರಡೋನಾ. 2009ರ ಅಕ್ಟೋಬರ್‌ನಲ್ಲಿ ಪೆರು ವಿರುದ್ಧ ಸುರಿಯೋ ಮಳೆಯಲ್ಲಿ, ಇಂಜುರಿ ಟೈಮ್‌ನಲ್ಲಿ ಪಲೆರ್ಮೊ ಹೊಡೆದ ಗೋಲು ವಿಶ್ವಕಪ್ ಆಸೆಯನ್ನು ಉಳಿಸಿತು. 2010ರಲ್ಲಿ, 36ರ ವಯಸ್ಸಲ್ಲಿ, ಬದಲಿ ಆಟಗಾರನಾಗಿ ಇಳಿದು ಗ್ರೀಸ್ ವಿರುದ್ಧವೂ ಒಂದು ಹೊಡೆದರು.

ಕೋಚ್ ಆಗಿ ಹಾದಿ ಅಷ್ಟು ಸಲೀಸಲ್ಲ. ಅರ್ಜೆಂಟೀನಾದ ಗೊದೊಯ್ ಕ್ರೂಸ್ ಕ್ಲಬ್‌ನಿಂದ ಶುರುಮಾಡಿ ಚಿಲಿ, ಮೆಕ್ಸಿಕೊ ಎಲ್ಲ ಸುತ್ತಿದರು. 2023ರಲ್ಲಿ ಪುಟ್ಟ ಪ್ಲಾಟೆನ್ಸೆ ತಂಡವನ್ನು ಅರ್ಜೆಂಟೀನಾದ ಲೀಗ್ ಕಪ್ ಫೈನಲ್‌ವರೆಗೆ ಒಯ್ದು ರೊಸಾರಿಯೊ ಸೆಂಟ್ರಲ್‌ಗೆ ಸೋತರು. 2024ರಲ್ಲಿ ಪರಾಗ್ವೆಯ ಒಲಿಂಪಿಯಾ ಕ್ಲಬ್ ಜೊತೆ ಕ್ಲೌಸುರಾ (ವರ್ಷದ ಎರಡನೇ ಲೀಗ್) ಪ್ರಶಸ್ತಿ ಗೆದ್ದರು. ಆ ಮೂರು ಪೆನಾಲ್ಟಿ ಹಾಳಾದದ್ದೂ ಪರಾಗ್ವೆಯಲ್ಲೇ, ನೋಡಿ.