ನವ್ ಶಾಪೆಲ್: ಬೀಟ್‌ರೂಟ್ ಹೊಲಗಳ ನಡುವೆ ನಮ್ಮವರ ಕಂಬ

ಪ್ರಶ್ನೆ: ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ದಿನವೂ ಹಾದುಹೋಗುವವನು ನಾನು. ಫ್ರಾನ್ಸಿನ ಪುಟ್ಟ ರೈತಹಳ್ಳಿಯೊಂದರಲ್ಲಿಯೂ ಮೊದಲ ಮಹಾಯುದ್ಧದ ಭಾರತೀಯ ಸೈನಿಕರಿಗಾಗಿ ದೊಡ್ಡ ಸ್ಮಾರಕವಿದೆಯಂತೆ. ಅದು ಆ ಹಳ್ಳಿಯಲ್ಲೇ ಏಕಿದೆ? ಅಲ್ಲಿ ಮೈಸೂರಿನ ಪಡೆಯೂ ಹೋರಾಡಿತ್ತೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾವು ಕೇಳಿರುವುದು ಉತ್ತರ ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಕುರಿತು. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್‌ರೂಟ್ ಬೆಳೆಯುವ ಸಮತಟ್ಟಾದ ನೆಲವದು. ಅಲ್ಲಿ ಅಂತರ್ಜಲ ಎಷ್ಟು ಮೇಲಿದೆಯೆಂದರೆ, ಆಳವಾದ ಕಂದಕ ತೋಡಿದರೆ ನೀರು ತುಂಬಿಕೊಳ್ಳುತ್ತಿತ್ತು; ಹಾಗಾಗಿ ಸೈನಿಕರು ಮಣ್ಣಿನ ಚೀಲಗಳನ್ನು ನೆಲದ ಮೇಲೆಯೇ ಪೇರಿಸಿ ಅದರ ಮರೆಯಲ್ಲಿ ನಿಲ್ಲಬೇಕಾಯಿತು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಲ್ ಬಂದರಿನಲ್ಲಿ ಇಳಿದ ಭಾರತೀಯ ಪಡೆ, ಯೂರೋಪಿನ ತನ್ನ ಮೊದಲ ಚಳಿಗಾಲವನ್ನು ಈ ಕೆಸರಿನ ಸೀಮೆಯಲ್ಲಿ ಕಳೆಯಿತು.

1915ರ ಮಾರ್ಚ್ 10ರ ಬೆಳಿಗ್ಗೆ ಮೂವತ್ತೈದು ನಿಮಿಷಗಳ ಫಿರಂಗಿ ದಾಳಿಯ ಬೆನ್ನಿಗೇ ಬ್ರಿಟಿಷ್ ಪಡೆಗಳೂ ಭಾರತದ ಮೀರತ್ ಡಿವಿಜನ್ನೂ ಮುನ್ನುಗ್ಗಿ, ಜರ್ಮನರ ವಶದಲ್ಲಿದ್ದ ಹಳ್ಳಿಯನ್ನು ಆ ಬೆಳಿಗ್ಗೆಯೇ ಗೆದ್ದವು. ಗೆಲುವು ಅಲ್ಲಿಗೇ ನಿಂತಿತು. ದಿಕ್ಕು ತಪ್ಪಿ ಬಲಕ್ಕೆ ಸರಿದ ಗಢವಾಲಿ ತುಕಡಿಯೊಂದು, ಫಿರಂಗಿಯ ಏಟು ತಾಕದೆ ಉಳಿದಿದ್ದ ಮುಳ್ಳುತಂತಿಗೆ ಎದುರಾಗಿ ಅಪಾರ ಸಾವುನೋವು ಕಂಡಿತು. ಮತ್ತೊಂದು ಗಢವಾಲಿ ತುಕಡಿಯ ಗಬರ್ ಸಿಂಗ್ ನೇಗಿ, ಕಂದಕದ ಪ್ರತಿ ತಿರುವಿನಲ್ಲಿಯೂ ತಾನೇ ಮೊದಲಾಗಿ ನುಗ್ಗಿ ಹೋರಾಡುತ್ತಾ ಪ್ರಾಣ ಬಿಟ್ಟರು. ಮರಣಾನಂತರ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು. ಮಾರ್ಚ್ 13ಕ್ಕೆ ಕದನ ನಿಂತಾಗ, ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಭಾರತೀಯ ಪಡೆ ಕಳೆದುಕೊಂಡವರ ಸಂಖ್ಯೆ ಸುಮಾರು 4,200.

ಭಾರತೀಯ ಪಡೆ ಒಟ್ಟಾಗಿ ನಡೆಸಿದ ಮೊದಲ ದೊಡ್ಡ ದಾಳಿ ಇದಾದ್ದರಿಂದ ಸ್ಮಾರಕಕ್ಕೆ ಈ ಹಳ್ಳಿಯೇ ತಕ್ಕ ಸ್ಥಳವಾಯಿತು. ಆದರೆ ಅದು ಆ ಒಂದು ಕದನದವರಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪಶ್ಚಿಮ ರಣರಂಗದಲ್ಲಿ ಮಡಿದು, ಗುರುತಿಸಿದ ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿನ ಗೋಡೆಯ ಮೇಲಿವೆ. ಮಗ ಎಲ್ಲಿ ಮಲಗಿದ್ದಾನೆಂದು ತಿಳಿಯದ ಮನೆಗೆ ಕಲ್ಲಿನ ಮೇಲಿನ ಆ ಒಂದು ಸಾಲೇ ಆಸರೆ. ನವದೆಹಲಿಯ ಸೆಕ್ರೆಟೇರಿಯೆಟ್ ಕಟ್ಟಡಗಳ ಶಿಲ್ಪಿ ಹರ್ಬರ್ಟ್ ಬೇಕರ್ ಇದನ್ನು ವಿನ್ಯಾಸಗೊಳಿಸಿದರು. 1927ರಲ್ಲಿ ಇದು ಅನಾವರಣಗೊಂಡಿತು. ವೃತ್ತಾಕಾರದ ಆವರಣ, ಜಾಲಂದರದ ಕಲ್ಲುಗೋಡೆ, ಛತ್ರಿಗಳೆಂಬ ಗುಮ್ಮಟದ ಪುಟ್ಟ ಮಂಟಪಗಳು, ಅಶೋಕಸ್ತಂಭವನ್ನು ನೆನಪಿಸುವ ಸುಮಾರು ಹದಿನೈದು ಮೀಟರ್ ಎತ್ತರದ ಕಂಬ, ಅದರ ಇಕ್ಕೆಲಗಳಲ್ಲಿ ಎರಡು ಕಲ್ಲಿನ ಹುಲಿಗಳು: ಇವನ್ನು ನೋಡಿದ ನಮ್ಮ ಕಡೆಯವರಿಗೆ ಪರದೇಶದ ಭಾವ ತಟ್ಟನೆ ಕರಗುತ್ತದೆ.

ಹಳ್ಳಿಯಾದರೋ ನೆಲಸಮವಾಗಿತ್ತು, ಯುದ್ಧದ ನಂತರ ಅದನ್ನು ಹೊಸದಾಗಿ ಕಟ್ಟಲಾಯಿತು. ಆ ಸೀಮೆಯ ರೈತರು ಉಳುವಾಗ ಇಂದಿಗೂ ತುಕ್ಕು ಹಿಡಿದ ಶೆಲ್ಲುಗಳು ಮೇಲೆದ್ದು ಬರುತ್ತವೆ. ಅಲ್ಲಿನವರು ಅದನ್ನು ‘ಕಬ್ಬಿಣದ ಸುಗ್ಗಿ’ ಎನ್ನುತ್ತಾರೆ. ಸ್ಫೋಟಕ ನಿಷ್ಕ್ರಿಯ ದಳದವರು ಬಂದು ಅವನ್ನು ಒಯ್ಯುತ್ತಾರೆ.

ಮೈಸೂರು ಲ್ಯಾನ್ಸರ್ಸ್ ನವ್ ಶಾಪೆಲ್‌ನಲ್ಲಿ ಇರಲಿಲ್ಲ. ಅವರನ್ನು ಕಳುಹಿಸಿದ್ದು ಈಜಿಪ್ಟಿಗೆ, ಸೂಯೆಜ್ ಕಾಲುವೆಯ ಕಾವಲಿಗೆ. ಅಲ್ಲಿಂದ ಪ್ಯಾಲೆಸ್ತೀನಿಗೆ ಸಾಗಿ, ಜೋಧಪುರದ ಸವಾರರೊಂದಿಗೆ ಅವರು ಹೈಫಾ ನಗರವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು.